ಮೊದಲ ಮಲ್ಲಾಜಮ್ಮ ಸಿಕ್ಕ ಕೂಡಲೇ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನಾನು ದಿನಚರಿ ಬರೆಯುವವಳು ನಿಜ, ಆದರೆ ದಿನಚರಿ ಬರೆದವರೆಲ್ಲ ನಿಜ ಹೇಳುತ್ತಾರೆಂದು ನಂಬಬೇಕಿಲ್ಲ. ಕಚೇರಿಯಿಂದ ಸುಸ್ತಾಗಿ ಬಂದು, ಕುಕ್ಕರ್ ಕೂಗುವುದರೊಳಗೆ ಗೀಚಿದ ನಾಲ್ಕು ಸಾಲು ಅದು. ಈಚೆಗೆ ಹಳೆಯ ಪುಸ್ತಕಗಳನ್ನು ತೆಗೆದು ನೋಡಿದಾಗ ಒಂದು ವಿಷಯ ತಿಳಿಯಿತು. ನಮ್ಮ ಕಚೇರಿಯಲ್ಲಿ ನಡೆದ ಒಂದು ದೊಡ್ಡ ಜಗಳವನ್ನು ನಾನು ಎಷ್ಟೋ ವರ್ಷಗಳಿಂದ ಕಣ್ಣಾರೆ ಕಂಡವಳಂತೆ ಹೇಳಿಕೊಂಡು ಬಂದಿದ್ದೇನೆ, ಯಾರು ಯಾವ ಕುರ್ಚಿ ತಳ್ಳಿದರು ಎನ್ನುವವರೆಗೆ. ಆ ದಿನ ನಾನು ರಜೆಯಲ್ಲಿದ್ದೆ. ಆದ್ದರಿಂದ ಮುಂದೆ ಎಲ್ಲೆಲ್ಲಿ ನನ್ನ ನೆನಪಿಗೂ ದಿನಚರಿಗೂ ಹೊಂದುವುದಿಲ್ಲವೋ ಅಲ್ಲಿ ಅದನ್ನು ಹೇಳಿಬಿಡುತ್ತೇನೆ.

ಇದನ್ನು ಬರೆಯಲು ಕೇಳಿದವರು ಹುಣಸೂರಿನ ಕಚೇರಿಯಲ್ಲಿ ನನ್ನ ಜಾಗಕ್ಕೆ ಬಂದಿರುವ ಇಬ್ಬರು ಹುಡುಗಿಯರು. "ಮೇಡಂ, ರೋಗಿಗಳ ಆ ವೆಬ್ ಪುಟ ಹೇಗೆ ಕೆಲಸ ಮಾಡುತ್ತೆ ಅಂತ ಬರೆದುಕೊಡಿ, ಯಾರಿಗೂ ಗೊತ್ತಿಲ್ಲ" ಎಂದರು. ಬರೆಯುತ್ತೇನೆ. ಆದರೆ ಮೊದಲೇ ಹೇಳಿಬಿಡುವುದು ಒಳ್ಳೆಯದು: ಆ ಪುಟದಲ್ಲಿ ನಾನು ಬದಲಾಯಿಸಿದ ಒಂದೇ ಒಂದು ಸಾಲಿನಿಂದ ನನ್ನ ಅತ್ತಿಗೆಯ, ಅಂದರೆ ನನ್ನ ಅಣ್ಣನ ಹೆಂಡತಿಯ, ಬಲಗಣ್ಣು ಹೋಯಿತು. ಕಚೇರಿಯ ಕಡತದಲ್ಲಿ ಇದು "ತಾಂತ್ರಿಕ ಕಾರಣ" ಎಂದಿದೆ. ಆ ಎರಡು ಪದಗಳನ್ನು ಟೈಪ್ ಮಾಡಿದವಳೂ ನಾನೇ.

ಸಂಸ್ಥೆಯ ಹೆಸರು ಬರೆಯುವುದಿಲ್ಲ. ಬರೆದರೆ ಇದನ್ನು ಓದದೆಯೇ ನನಗೆ ಇನ್ನೊಂದು ಸನ್ಮಾನ ಇಟ್ಟುಕೊಂಡಾರು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಶಿಬಿರ ಮಾಡಿ, ಕಣ್ಣಿನ ಪೊರೆ ಇದ್ದವರ ಹೆಸರು ಬರೆದುಕೊಂಡು, ದಿನಾಂಕ ಕೊಟ್ಟು, ವ್ಯಾನಿನಲ್ಲಿ ಕರೆದೊಯ್ದು ಉಚಿತವಾಗಿ ಶಸ್ತ್ರಚಿಕಿತ್ಸೆ ಮಾಡಿಸುವುದು ಅದರ ಕೆಲಸ. ಒಳ್ಳೆಯ ಕೆಲಸ. ಅದರಲ್ಲಿ ನನಗೆ ಈಗಲೂ ಅನುಮಾನವಿಲ್ಲ.

ನಾನು ಮೈಸೂರಿನಲ್ಲಿ ಗಣಿತದ ಎಂ.ಎಸ್ಸಿ. ಮಾಡಿ ಸೇರಿದ್ದು ರಿಜಿಸ್ಟರ್ ಬರೆಯುವುದಕ್ಕೆ. ಬಡ್ತಿಗಳ ವಿಷಯ ಬೇಡ. ಹುದ್ದೆಯ ಹೆಸರು ನಾಲ್ಕು ಸಲ ಬದಲಾಯಿತು, ಕಾಲು ಅಲ್ಲಾಡುವ ಕುರ್ಚಿ ಅದೇ ಇತ್ತು. ರಿಜಿಸ್ಟರಿನಲ್ಲಿ ಹೆಸರು, ಗಂಡನ ಅಥವಾ ತಂದೆಯ ಹೆಸರು, ಊರು, ಯಾವ ಕಣ್ಣು ಎಂಬ ಕಾಲಂಗಳಿದ್ದವು. ಕೊನೆಯಲ್ಲಿ "ಮನೆ ಗುರುತು" ಎಂದು ಇನ್ನೊಂದು. ಅದನ್ನು ತುಂಬುತ್ತಿದ್ದವರು ನಮ್ಮ ಕ್ಷೇತ್ರ ಕಾರ್ಯಕರ್ತ ಸ್ವಾಮಿಗೌಡರು. ಪಿರಿಯಾಪಟ್ಟಣ, ಕೋಟೆ ಎರಡೂ ತಾಲ್ಲೂಕು ಅವರ ಮೊಪೆಡ್ಡಿನ ಕೆಳಗಿದ್ದವು. "ಗಾಣದ ಮನೆ", "ಮೇಗಲ ಮನೆ" ಎಂದು ಬರೆದರೆ ಸರಿ. ಅವರು "ಬಾವಿಗೆ ಬಿದ್ದು ಎದ್ದೋರ ಮನೆ", "ಕೋಳಿ ಕಳಕೊಂಡೋರ ಮನೆ" ಎಂದೂ ಬರೆಯುತ್ತಿದ್ದರು.

ಕಂಪ್ಯೂಟರ್ ಬಂದಿತು, ರಿಜಿಸ್ಟರನ್ನು ವೆಬ್ ಪುಟ ಮಾಡುವ ಕೆಲಸ ನನಗೆ ಬಂದಿತು. ಗಣಿತ ಓದಿದವಳಿಗೆ ಕೋಳಿ ಕಳೆದುಕೊಂಡದ್ದು ಒಂದು ಮಾಹಿತಿ ಎಂದು ಒಪ್ಪಿಕೊಳ್ಳಲು ಆಗಲಿಲ್ಲ. ಆ ಕಾಲಂ ತೆಗೆದುಹಾಕಿದೆ.

ಸ್ವಾಮಿಗೌಡರು ಟೇಬಲ್ಲಿನ ಮುಂದೆ ನಿಂತು ಹೇಳಿದರು: "ಮೇಡಂ, ಅದ ಬುಟ್ಬುಟ್ರೆ ಜನ ಸಿಕ್ಕಾಕಿಲ್ಲ ಕಣ್ರೀ."

"ಹೆಸರು, ಗಂಡನ ಹೆಸರು, ಊರು ಇದ್ದರೆ ಸಾಲದೇ ಗೌಡರೇ?"

"ನಮ್ ಕಡೆ ಇರೋದೇ ಐದಾರು ಎಸ್ರು. ಅದ್ನೇ ಎಲ್ರೂ ಅಂಚ್ಕೊಂಡವ್ರೆ. ಬೆಟ್ಟದಪುರದ ಸುತ್ತ ಓಗಿ ಮಲ್ಲೇಗೌಡ ಅಂತ ಕೂಗಿ ನೋಡಿ, ಅರ್ಧ ಊರು 'ಆ' ಅಂತದೆ."

ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ನಮ್ಮ ಊರೇ ಬೆಟ್ಟದಪುರದ ಪಕ್ಕದ್ದು. ಬೆಟ್ಟದ ಮೇಲಿನ ಸ್ವಾಮಿಗೆ ಹರಸಿಕೊಂಡು ಹುಟ್ಟಿದವರೆಲ್ಲ ಮಲ್ಲೇಗೌಡ, ಮಲ್ಲಪ್ಪ, ಮಲ್ಲಾಜಮ್ಮ. ನಮ್ಮ ಅಣ್ಣ ಮಲ್ಲೇಗೌಡ, ಅತ್ತಿಗೆ ಮಲ್ಲಾಜಮ್ಮ. ಅಜ್ಜನ ಹೆಸರು ಮೊಮ್ಮಗನಿಗೆ, ಅಜ್ಜಿಯ ಹೆಸರು ಮೊಮ್ಮಗಳಿಗೆ ಹೋಗುತ್ತದೆ, ಹೊಸ ಹೆಸರು ಬರುವುದೇ ಅಪರೂಪ. ಜನ ಅದಕ್ಕೆ ಮನೆಯ ಅಡ್ಡಹೆಸರು ಸೇರಿಸಿಕೊಂಡು ಸುಖವಾಗಿದ್ದರು. ಅದನ್ನೇ ನಾನು ಅಳಿಸಿದ್ದು. ಊರಿನ ಸಂಕೇತ, ರೋಗಿಯ ಹೆಸರು, ಗಂಡನ ಅಥವಾ ತಂದೆಯ ಹೆಸರು ಮೂರನ್ನೂ ಅಂಟಿಸಿ ಪ್ರತಿಯೊಬ್ಬರ ಸಾಲಿಗೂ ಒಂದು ಗುರುತಿನ ಚೀಟಿ ಮಾಡಿದೆ. ಕಂಪ್ಯೂಟರಿನವರು ಅದನ್ನು ಐಡಿ ಎನ್ನುತ್ತಾರೆ. ಒಂದು ಪುಟದಲ್ಲಿ ಒಂದು ಐಡಿ ಒಂದೇ ಸಲ ಇರಬೇಕು ಎಂಬುದು ನಿಯಮ. ಇದೆ ಎಂದು ನಾನು ಭಾವಿಸಿದೆ. ಎಣಿಸಿ ನೋಡಲಿಲ್ಲ.

ನಮ್ಮ ಸಂಯೋಜಕರು ಪರಶಿವಮೂರ್ತಿ. ಬೇರೆಲ್ಲೋ ಆಡಳಿತದಲ್ಲಿದ್ದು ನಿವೃತ್ತರಾಗಿ ಬಂದವರು, ಇಸ್ತ್ರಿ ಕೆಡದ ಸಫಾರಿ, ಎದೆಯಲ್ಲಿ ಎರಡು ಪೆನ್ನು. ಅವರಿಗೆ "ಮುಂದಿನ ಪುಟ" ಎಂಬ ಗುಂಡಿ ಕಂಡರಾಗುತ್ತಿರಲಿಲ್ಲ.

"ರೀ ವಿಮಲಾ, ಮುಂದಿನ ಪುಟ ಅಂದ್ರೆ ಏನ್ರೀ ಅರ್ಥ? ಏನೋ ಬಚ್ಚಿಟ್ಟಿದ್ದೀವಿ ಅಂತ. ನಾಲ್ಕು ತಾಲ್ಲೂಕೂ ಒಂದೇ ಪುಟದಲ್ಲಿ ಕಾಣ್ಬೇಕು. ಪಾರದರ್ಶಕತೆ!"

ಆದ್ದರಿಂದ ನಾಲ್ಕು ತಾಲ್ಲೂಕಿನ ರೋಗಿಗಳೆಲ್ಲ ಒಂದೇ ಪುಟದಲ್ಲಿ ಒಬ್ಬರ ಕೆಳಗೊಬ್ಬರು ನಿಂತರು. ಸ್ವಾಮಿಗೌಡರು ಕೋಟೆಯ ಉಪಕಚೇರಿಯಲ್ಲಿ ಪುಟ ತೆರೆಯಲು ಒತ್ತಿ, ಬಸ್ ನಿಲ್ದಾಣದ ಹತ್ತಿರ ಟೀ ಕುಡಿದು, ಪೇಪರಿನಲ್ಲಿ ರಾಶಿಭವಿಷ್ಯ ಓದಿ ಬರುತ್ತಿದ್ದರು. ಎನ್. ಬೇಗೂರಿನ ಕಡೆ ಶಿಬಿರ ಇದ್ದರೆ ಇನ್ನೂ ಚೆಂದ. ಅಲ್ಲಿ ಮೊಬೈಲು ಕೇರಳದ ಗೋಪುರಕ್ಕೆ ಅಂಟಿಕೊಂಡು, ನಮ್ಮ ಪುಟದ ಬದಲು ಮಲಯಾಳದಲ್ಲಿ ಸ್ವಾಗತ ಕೋರುತ್ತಿತ್ತು.

ಒಮ್ಮೆ ಟ್ರಸ್ಟಿಗಳ ಪೈಕಿ ಹಿರಿಯರೊಬ್ಬರು ಹುಣಸೂರಿಗೆ ಬಂದು, ಪುಟ ತೆರೆಯುವುದನ್ನು ನೋಡುತ್ತ ಕುಳಿತರು. ಬಿಸ್ಕತ್ತು ಮುಗಿಯಿತು, ಪುಟ ಬರಲಿಲ್ಲ. "ಸ್ವಲ್ಪ ನಿಧಾನ" ಎಂದರು. ಇಷ್ಟೇ ಅವರು ಹೇಳಿದ್ದು. ಮಾರನೆಯ ದಿನ ಪರಶಿವಮೂರ್ತಿಯವರು "ವೇಗ ಮಾಸಾಚರಣೆ" ಎಂದು ಸುತ್ತೋಲೆ ಹೊರಡಿಸಿದರು.

ಈಗ ಹುಡುಗಿಯರು ಕೇಳಿದ ವಿಷಯಕ್ಕೆ ಬರುತ್ತೇನೆ. ಪುಟದ ಮೇಲಿನ ಪ್ರತಿ ಸಾಲು, ಪ್ರತಿ ಗುಂಡಿ, ಪ್ರತಿ ಚಿತ್ರ ಒಂದೊಂದು ಅಂಶ. ಪ್ರೋಗ್ರಾಮು ಒಂದು ಸಾಲಿನಲ್ಲಿ ದಿನಾಂಕ ಬರೆಯಬೇಕಾದರೆ ಮೊದಲು ಆ ಸಾಲನ್ನು ಹುಡುಕಿ ಹಿಡಿಯಬೇಕು. ಹಿಡಿಯಲು ಹಲವು ದಾರಿಗಳಿವೆ. ಎಚ್.ಡಿ. ಕೋಟೆಯ ಬಸ್ ನಿಲ್ದಾಣದಲ್ಲಿ ಒಬ್ಬರನ್ನು ಹುಡುಕುತ್ತಿದ್ದೀರಿ ಎಂದುಕೊಳ್ಳಿ. ಹೆಸರು ಹಿಡಿದು ಕೂಗಬಹುದು, ಮೊದಲು ತಿರುಗಿದವರ ಕೈ ಹಿಡಿದು ಹೊರಟುಬಿಡಬಹುದು. ಅದು ಐಡಿಯಿಂದ ಹಿಡಿಯುವುದು. ಹಸಿರು ಸ್ವೆಟರಿನವರೆಲ್ಲ ಎದ್ದುನಿಲ್ಲಿ ಎನ್ನಬಹುದು, ಅದು ಕ್ಲಾಸ್‌ನಿಂದ. ಬೇಗೂರು ಬಸ್ಸಿನಲ್ಲಿ, ಹೆಂಗಸರ ಸೀಟಿನಲ್ಲಿ, ತೊಡೆಯ ಮೇಲೆ ಚೀಲ ಇಟ್ಟುಕೊಂಡವರೆಲ್ಲ ಬನ್ನಿ ಎಂದು ಷರತ್ತು ಹಾಕಿ ಎಲ್ಲರನ್ನೂ ಕರೆಯಬಹುದು. ಅದು ಕ್ವೆರಿ ಸೆಲೆಕ್ಟರ್ ಆಲ್. ಗೇಟಿನಿಂದ ಮೂರನೇ ಬಸ್ಸು, ಎರಡನೇ ಸಾಲು, ಮೊದಲ ಸೀಟು ಎಂದು ದಾರಿ ಹೇಳಬಹುದು, ಅದು ಎಕ್ಸ್‌ಪಾತ್. ನಡುವೆ ಒಂದು ಬಸ್ಸು ಹೊರಟುಹೋದರೆ ಬೇರೆ ಯಾರೋ ಸಿಗುತ್ತಾರೆ.

ನಾನು ಮೊದಲು ಬರೆದದ್ದು ಷರತ್ತಿನ ದಾರಿ. ಆಸ್ಪತ್ರೆಯಿಂದ ಹೆಸರು, ಗಂಡನ ಅಥವಾ ತಂದೆಯ ಹೆಸರು, ಊರು, ದಿನಾಂಕ ಇರುವ ಪಟ್ಟಿ ಬರುತ್ತಿತ್ತು. ಪ್ರೋಗ್ರಾಮು ಆ ಐಡಿ ಇರುವ ಸಾಲುಗಳನ್ನೆಲ್ಲ ಹಿಡಿದು ತರುತ್ತಿತ್ತು. ಒಂದೇ ಇದ್ದರೆ ದಿನಾಂಕ ಬರೆಯುತ್ತಿತ್ತು, ಆ ಸಾಲಿನವರ ಮನೆಗೆ ಕಾಗದ ಹೋಗುತ್ತಿತ್ತು. ಎರಡಿದ್ದರೆ ಎರಡನ್ನೂ ಹಳದಿ ಮಾಡಿ, "ಯಾರು?" ಎಂದು ಕೇಳಿ ನಿಂತುಬಿಡುತ್ತಿತ್ತು. ಆಗ ನಾವು ಸ್ವಾಮಿಗೌಡರಿಗೆ ಫೋನು ಮಾಡಬೇಕು, ಅವರು ಯಾವುದೋ ಹೊಲದ ಬದುವಿನಲ್ಲಿ ನಿಂತು "ಅದು ಗಾಣದ ಮನೆವ್ರು ಕಣ್ರೀ, ಬಲಗಣ್ಣು" ಎಂದು ಹೇಳಬೇಕು. ಈ ನಿಲ್ಲುವಿಕೆಯನ್ನು ನಾನೂ ದೋಷ ಎಂದೇ ತಿಳಿದಿದ್ದೆ.

ಯಾವ ದಾರಿ ಬೇಗ ಎಂದು ಅಳೆದು ವರದಿ ಕೊಡಲು ಆಜ್ಞೆಯಾಯಿತು. ಹುಣಸೂರಿನ ಕಂಪ್ಯೂಟರಿನಲ್ಲಿ ಅಳೆದರೆ ಮಾನ ಹೋಗುತ್ತದೆ ಎಂದು ಕೆ.ಆರ್. ನಗರದ ಹೊಸ ಕಂಪ್ಯೂಟರಿಗೆ ಕಳಿಸಿದರು. ಕೋಟೆಯಲ್ಲಿ ಓಡಬೇಕಾದ ಪುಟವನ್ನು ಕೆ.ಆರ್. ನಗರದಲ್ಲಿ ಓಡಿಸಿ ನೋಡಿದೆ. ನಾಲ್ಕು ದಾರಿಗೂ ಬಂದ ಸಮಯ ಸೊನ್ನೆ. ಗಡಿಯಾರದ ಕಣ್ಣಿಗೆ ಬೀಳದಷ್ಟು ಬೇಗ ಎಲ್ಲವೂ ಮುಗಿದಿದ್ದವು.

ಪರಶಿವಮೂರ್ತಿಯವರು ವರದಿ ನೋಡಿ ಕನ್ನಡಕ ತೆಗೆದರು. "ಏನ್ರೀ ಇದು, ಎಲ್ಲಕ್ಕೂ ಸೊನ್ನೆ? ಟ್ರಸ್ಟಿಗಳ ಮುಂದೆ ನಾಲ್ಕು ಸೊನ್ನೆ ಇಟ್ಟು ಕೈ ಕಟ್ಕೊಂಡು ನಿಂತ್ಕೊಳ್ಲಾ?"

"ಸರ್, ಅದರ ಅರ್ಥ ವ್ಯತ್ಯಾಸವೇ ಇಲ್ಲ ಅಂತ."

"ವ್ಯತ್ಯಾಸ ಇಲ್ದಿದ್ರೆ ಇರೋ ಹಂಗೆ ಅಳೀರಿ. ಅದಕ್ಕೇ ತಾನೇ ನೀವು ಎಂ.ಎಸ್ಸಿ. ಮಾಡಿರೋದು?"

ವ್ಯತ್ಯಾಸ ಕಾಣುವಂತೆ ಅಳೆದೆ. ಒಂದೊಂದು ದಾರಿಯನ್ನೂ ಲಕ್ಷ ಸಲ ಓಡಿಸಿದೆ. ನಮ್ಮಲ್ಲಿ ಲಕ್ಷ ಸಲ ಒಬ್ಬಳೇ ಮಲ್ಲಾಜಮ್ಮನನ್ನು ಹುಡುಕುವ ಪ್ರಸಂಗ ಎಂದೂ ಬರುವುದಿಲ್ಲ. ಅದನ್ನು ವರದಿಯಲ್ಲಿ ಬರೆಯಲಿಲ್ಲ. ಅದೂ ಅಲ್ಲದೆ ಬ್ರೌಸರ್ ಎಂಬುದು ಜಾಣ. ಅದನ್ನೇ ಮತ್ತೆ ಮತ್ತೆ ಕೇಳಿದರೆ ಮೊದಲ ಉತ್ತರವನ್ನು ಜೇಬಿನಲ್ಲಿ ಇಟ್ಟುಕೊಂಡು ಅದನ್ನೇ ತೆಗೆತೆಗೆದು ತೋರಿಸುತ್ತದೆ. ನಾನು ಅಳೆದದ್ದು ಹುಡುಕುವ ವೇಗವನ್ನೋ, ಜೇಬಿಗೆ ಕೈ ಹಾಕುವ ವೇಗವನ್ನೋ ಇಂದಿಗೂ ಖಚಿತವಾಗಿ ಹೇಳಲಾರೆ. ಏನೇ ಇರಲಿ, ಐಡಿಯ ದಾರಿ ಎಲ್ಲಕ್ಕಿಂತ ಮುಂದೆ ಬಂತು, ಎಕ್ಸ್‌ಪಾತ್ ಕೊನೆಗೆ ಬಂತು. ಬಣ್ಣದ ಕಂಬಗಳ ಚಿತ್ರ ಬರೆದು ಒಯ್ದೆ.

ಪರಶಿವಮೂರ್ತಿಯವರು ತುಂಬ ಹೊತ್ತು ನೋಡಿದರು. "ಇದ್ಯಾವುದು, ಎಲ್ಲಕ್ಕಿಂತ ಗಿಡ್ಡ ಇರೋದು?"

"ಅದೇ ಸರ್ ಗೆದ್ದಿದ್ದು. ಸಮಯ ಕಡಿಮೆ."

"ಗೆದ್ದಿದ್ದು ಗಿಡ್ಡ ಇರುತ್ತೇನ್ರೀ ಎಲ್ಲಾದ್ರೂ? ನೋಡ್ದೋರು ಏನಂದ್ಕೋತಾರೆ? ಎತ್ತರ ಮಾಡಿ."

ಎತ್ತರ ಮಾಡಿದೆ. ಒಂದು ಸಲಕ್ಕೆ ಎಷ್ಟು ಸಮಯ ಎನ್ನುವ ಬದಲು ಒಂದು ಸೆಕೆಂಡಿಗೆ ಎಷ್ಟು ಸಲ ಎಂದು ತಿರುಗಿಸಿದೆ. ಐಡಿಯ ಕಂಬ ಕಾಗದದ ಮೇಲ್ತುದಿ ಮುಟ್ಟಿತು. ಅವರು ಸಂತೋಷಪಟ್ಟು ಅದಕ್ಕೆ ಹಸಿರು ಬಣ್ಣ ಹಾಕಿಸಿ, ಚೌಕಟ್ಟು ಕಟ್ಟಿಸಿ, ಗೋಡೆಗೆ ಹಾಕಿಸಿದರು. ನೀವು ಕಚೇರಿಗೆ ಹೋದರೆ ನೀರಿನ ಫಿಲ್ಟರಿನ ಮೇಲೆ ಅದು ಈಗಲೂ ಇದೆ.

ಈ ಮಧ್ಯೆ ಪುಟ ನಿಜವಾಗಿ ಏಕೆ ನಿಧಾನ ಎಂದು ಒಂದು ಮಧ್ಯಾಹ್ನ ನೋಡಿದ್ದೆ. ಪುಟದ ತಲೆಯ ಮೇಲೆ ಟ್ರಸ್ಟಿಗಳೆಲ್ಲ ದೀಪ ಬೆಳಗಿಸುವ ಒಂದು ಫೋಟೋ ಇತ್ತು. ಯಾರೋ ದೊಡ್ಡ ಕ್ಯಾಮೆರಾದಲ್ಲಿ ತೆಗೆದದ್ದನ್ನು ಹಾಗೆಯೇ ಏರಿಸಿದ್ದರು. ಸಾವಿರಾರು ರೋಗಿಗಳು ಸೇರಿದರೂ ಆ ಒಂದು ದೀಪದಷ್ಟು ತೂಗುತ್ತಿರಲಿಲ್ಲ. ಫೋಟೋ ಕುಗ್ಗಿಸಿದೆ, ಪುಟ ಥಟ್ಟನೆ ತೆರೆದುಕೊಂಡಿತು. ಎರಡು ದಿನಕ್ಕೆ ದೂರು ಬಂತು: ಮುಖಗಳು ಸ್ಪಷ್ಟವಾಗಿಲ್ಲ, ಬಲತುದಿಯವರು ಯಾರೆಂದೇ ತಿಳಿಯುವುದಿಲ್ಲ. ಕಣ್ಣಿನ ಸಂಸ್ಥೆಯಾದ್ದರಿಂದ ಈ ದೂರನ್ನು ಗಂಭೀರವಾಗಿ ತೆಗೆದುಕೊಂಡರು. ಫೋಟೋ ಮತ್ತೆ ಹಿಗ್ಗಿತು. ಪುಟ ಮತ್ತೆ ಟೀ ಕುಡಿಯುವಷ್ಟು ನಿಧಾನವಾಯಿತು. ವೇಗ ಮಾತ್ರ ಹೆಚ್ಚಿಸಲೇಬೇಕಿತ್ತು, ಆದ್ದರಿಂದ ಹುಡುಕುವ ದಾರಿಯನ್ನು ಬದಲಾಯಿಸಿದೆ.

ಪ್ರೋಗ್ರಾಮಿನಲ್ಲಿ ಬದಲಾದದ್ದು ಒಂದು ಸಾಲು. ಎಲ್ಲರನ್ನೂ ಕರೆಯುವುದನ್ನು ಬಿಟ್ಟು, ಐಡಿ ಹಿಡಿದು ಕೂಗುವುದನ್ನು ಹಾಕಿದೆ. ಅದಕ್ಕೆ ಮೊದಲನೆಯವರು ಸಿಕ್ಕಿದ ಕೂಡಲೇ ಕೆಲಸ ಮುಗಿಯಿತು, ಹಿಂದೆ ಇನ್ನೊಬ್ಬರು ತಿರುಗಿದರೇ ಎಂದು ಅದು ನೋಡುವುದಿಲ್ಲ. ಅದರ ವೇಗವೆಲ್ಲ ಇರುವುದು ಆ ನೋಡದಿರುವುದರಲ್ಲೇ. ಹಳದಿ ಬಣ್ಣ, "ಯಾರು?" ಎಂಬ ಪ್ರಶ್ನೆ, ಸ್ವಾಮಿಗೌಡರಿಗೆ ಫೋನು, ಎಲ್ಲ ಒಂದೇ ದಿನ ನಿಂತವು. ಅಂದಿನ ದಿನಚರಿಯಲ್ಲಿ "ಗೊಂದಲ ಇಲ್ಲವಾಯಿತು" ಎಂದು ಬರೆದಿದ್ದೇನೆ. ಅಡಿಗೆರೆ ಕೂಡ ಇದೆ.

ಪಿರಿಯಾಪಟ್ಟಣದ ಶಿಬಿರದ ಒಂದು ಬೆಳಿಗ್ಗೆಯನ್ನು ನಾನು ಬಹಳ ಸಲ ಹೇಳಿ ಜನರನ್ನು ನಗಿಸಿದ್ದೇನೆ. ಇದು ದಿನಚರಿಯಲ್ಲೂ ಇದೆ, ಸ್ವಾಮಿಗೌಡರೂ ಸಾಕ್ಷಿ. ವ್ಯಾನು ಹತ್ತುವ ಸಾಲಿನಲ್ಲಿ ಕಪ್ಪು ಕನ್ನಡಕದ ಹೆಂಗಸೊಬ್ಬರು ನಮ್ಮ ಕಚೇರಿಯ ಕಾಗದ ಹಿಡಿದು ಗಲಾಟೆ ಮಾಡುತ್ತಿದ್ದರು.

"ಏನವ್ವ ಇದು, ಮತ್ತೆ ಕರ್ಸಿದ್ದೀರಿ? ಬಲಗಣ್ಣು ಮಾಡುದ್ರಿ, ಆಯ್ತು. ಎಡಗಣ್ಣು ಮಾಡುದ್ರಿ, ಆಯ್ತು. ಇನ್ನೊಂದ ಎಲ್ಲಿಂದ ತರ್ಲಿ? ನಾನೇನು ಬೆಟ್ಟದ್ ಮ್ಯಾಲಿನ ಸ್ವಾಮಿಯಾ, ಮೂರನೇ ಕಣ್ಣಿರಾಕೆ?"

ಸಾಲಿನಲ್ಲಿದ್ದವರೆಲ್ಲ ನಕ್ಕರು. "ತಗಿಯವ್ವ ತಗಿ, ತಗುದ್ ನೋಡು ಒಂದ್ಸಲ, ಆಪೀಸ್ನೋರು ಸುಟ್ಟೋಗ್ಲಿ" ಎಂದು ಯಾರೋ ಮುದುಕರು ಕೂಗಿದರು. ಪರಶಿವಮೂರ್ತಿಯವರೂ ನಕ್ಕರು. ನಾನಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಕಾಗದ ತೆಗೆದುಕೊಂಡು ನೋಡಿದೆ: ಮಲ್ಲಾಜಮ್ಮ, ಗಂಡ ಮಲ್ಲೇಗೌಡ, ಊರು ನಮ್ಮದೇ. ಮುದುಕಿ ಹಳೆಯ ಕಾಗದ ತಂದಿದ್ದಾಳೆ ಎಂದುಕೊಂಡೆ. ದಿನಾಂಕ ಹೊಸದಿತ್ತು, ಅದನ್ನು ನೋಡಲಿಲ್ಲ. ಆಕೆಯ ಸಾಲಿನಲ್ಲಿ ದಿನಾಂಕ ತೆಗೆದು, ಆ ಜಾಗದಲ್ಲಿ "ಎರಡೂ ಕಣ್ಣು ಮುಗಿದಿದೆ" ಎಂದು ಬರೆದು ಮುಚ್ಚಿದೆ.

ಆ ಹೆಸರು ನನ್ನ ಅತ್ತಿಗೆಯದೂ ಹೌದೆಂದು ಅಲ್ಲಿ ಹೊಳೆಯಲಿಲ್ಲ. ಅತ್ತಿಗೆಯನ್ನು ನಾನು ಅತ್ತಿಗೆ ಎಂದೇ ಕರೆಯುವುದು. ಹೆಸರು ಹಿಡಿಯುವ ಪ್ರಸಂಗ ಬರುವುದಿಲ್ಲ.

ಸ್ವಾಮಿಗೌಡರು ಮಾತ್ರ ವ್ಯಾನಿನ ಬಾಗಿಲ ಹತ್ತಿರ ನಿಂತು ತಲೆ ಕೆರೆದುಕೊಳ್ಳುತ್ತಿದ್ದರು. "ಮೇಡಂ, ಒಂದ್ ಮಾತು. ಮೊದ್ಲು ಈ ಯಮ್ಮನ್ ಎಸ್ರು ಒತ್ತುದ್ರೆ ಇಬ್ರ ತೋರ್ಸೋದು. ನೀವು ಬಿರ್ನೆ ಮಾಡ್ದಾಗಿಂದ ಒಬ್ರನ್ನೇ ತೋರ್ಸ್ತದೆ."

"ಈಗ ಸರಿಯಾಗಿದೆ ಗೌಡರೇ. ಮೊದಲು ಗೊಂದಲ ಇತ್ತು."

"ಗೊಂದ್ಲ ಅಲ್ಲ ಕಣ್ರೀ, ಅದು ಜನ."

ನಾನು ಅದಕ್ಕೆ ಏನೋ ಹೇಳಿರಬೇಕು. ನೆನಪಿಲ್ಲ. ವ್ಯಾನು ಹೊರಟಿತು, ಆ ದಿನ ಒಂದು ಸೀಟು ಖಾಲಿ ಹೋಯಿತು. ಅದು ಅತ್ತಿಗೆಯ ಸೀಟು.

ಅತ್ತಿಗೆ ಅದಕ್ಕೂ ಎರಡು ತಿಂಗಳು ಮುಂಚೆ ನಮ್ಮ ಶಿಬಿರದಲ್ಲೇ ಕಣ್ಣು ತೋರಿಸಿದ್ದರು. ಎರಡೂ ಕಣ್ಣಿಗೆ ಪೊರೆ, ಮೊದಲು ಬಲಗಣ್ಣು ಆಗಬೇಕು, ಬೇಗ ಆಗಬೇಕು ಎಂದು ಡಾಕ್ಟರು ಬರೆದಿದ್ದರು. ಅವರ ಕೈಗೆ ಕೊಟ್ಟ ಹಳದಿ ಕಾರ್ಡಿನಲ್ಲಿ ಒಂದು ಸೂಚನೆ ಇತ್ತು: ಇಲ್ಲಿ ನೋಂದಾಯಿಸಿದವರು ಬೇರೆಡೆ ಹೋದರೆ ಹೆಸರು ರದ್ದಾಗುತ್ತದೆ. ಅತ್ತಿಗೆಗೆ ಓದಲು ಬರುತ್ತದೆ. ಆ ಕಣ್ಣಿನಲ್ಲೇ ಅದನ್ನು ಓದಿಕೊಂಡು, ಕಾರ್ಡನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ, ಕಾದರು. ಹೊಗೆಸೊಪ್ಪು ಮುರಿಯುವ ಕಾಲ ಬಂತು, ಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ಬೇಯಿಸಿದ್ದೂ ಆಯಿತು, ಬೇಲು ಕಟ್ಟಿದ್ದೂ ಆಯಿತು. ಸೊಪ್ಪಿನ ದರ್ಜೆ ಬಣ್ಣ ನೋಡಿ ವಿಂಗಡಿಸುವುದರಲ್ಲಿ ಊರಿಗೆಲ್ಲ ಅವರದೇ ಮಾತು ಕೊನೆಯದಾಗಿತ್ತು. ಆ ವರ್ಷ ಎಲೆಯನ್ನು ಮೂಗಿನ ಹತ್ತಿರ ಹಿಡಿದು ವಿಂಗಡಿಸಿದರಂತೆ. ಇದನ್ನು ಅಣ್ಣ ಆಮೇಲೆ ಹೇಳಿದ್ದು.

ಒಂದು ದಿನ ಕಣ್ಣು ಕೆಂಪಾಗಿ, ತಲೆ ಒಡೆದುಹೋಗುವಂತೆ ನೋವು ಬಂದು, ಅಣ್ಣ ಅವರನ್ನು ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಪೊರೆ ಮಿತಿಮೀರಿ ಬಲಿತಿತ್ತು, ಕಣ್ಣಿನೊಳಗಿನ ಒತ್ತಡ ಏರಿ ನರ ಸತ್ತಿತ್ತು. ಎಡಗಣ್ಣನ್ನು ಮಾಡಿ ಉಳಿಸಿದರು. ಬಲಗಣ್ಣಿಗೆ ಏನೂ ಮಾಡಲಾಗುವುದಿಲ್ಲ ಎಂದರು.

ಅಣ್ಣ ಫೋನು ಮಾಡಿದಾಗ ಬೈಯಲಿಲ್ಲ. "ನಿಮ್ ಆಪೀಸ್ನೋರು ಕರೀಲೇ ಇಲ್ವಲ್ಲಮ್ಮ" ಎಂದ, ಅಷ್ಟೇ. ನಾನು ಪುಟ ತೆರೆದೆ. ದೀಪ ಬೆಳಗಿಸುವ ಫೋಟೋ ನಿಧಾನವಾಗಿ, ಮೇಲಿನಿಂದ ಕೆಳಕ್ಕೆ, ಒಬ್ಬೊಬ್ಬ ಟ್ರಸ್ಟಿಯಾಗಿ ಮೂಡಿತು. ಅತ್ತಿಗೆಯ ಹೆಸರು ಹಾಕಿ ಗುಂಡಿ ಒತ್ತಿದೆ. ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂತು: ಎರಡೂ ಕಣ್ಣು ಮುಗಿದಿದೆ. ನನ್ನ ಪ್ರೋಗ್ರಾಮು ಬಿಟ್ಟು, ಬ್ರೌಸರಿನದೇ ಸಾಮಾನ್ಯ ಹುಡುಕುವ ಡಬ್ಬಿಯಲ್ಲಿ ಅದೇ ಹೆಸರು ಬರೆದು ನೋಡಿದೆ. ನಮ್ಮ ಊರಿನ ಪಟ್ಟಿಯಲ್ಲಿ ಇಬ್ಬರು ಮಲ್ಲಾಜಮ್ಮ, ಇಬ್ಬರಿಗೂ ಗಂಡ ಮಲ್ಲೇಗೌಡ. ಮೇಲಿನವರು ಶಿಬಿರದಲ್ಲಿ ಗಲಾಟೆ ಮಾಡಿದ್ದ ಗಾಣದ ಮನೆಯವರು. ಕೆಳಗಿನ ಸಾಲಿನಲ್ಲಿ ದಿನಾಂಕದ ಜಾಗ ಖಾಲಿ ಇತ್ತು. ಅತ್ತಿಗೆಯ ದಿನಾಂಕವನ್ನು ನಾನು ಬದಲಾಯಿಸಿದ ಪ್ರೋಗ್ರಾಮು ಗಾಣದ ಮನೆಯವರಿಗೆ ಬರೆದಿತ್ತು.

ಪರಶಿವಮೂರ್ತಿಯವರಿಗೆ ಹೇಳಿದೆ. ಅವರು ಒಳ್ಳೆಯವರೇ, ನೊಂದುಕೊಂಡರು. ಆಮೇಲೆ ಕೇಳಿದರು: "ಇದು ವೇಗದ ತಪ್ಪಾ, ಹೆಸರಿನ ತಪ್ಪಾ?"

"ನನ್ನ ತಪ್ಪು ಸರ್."

"ಹಂಗೆಲ್ಲ ಬರೆಯಕ್ಕಾಗಲ್ಲ ವಿಮಲಾ. ವರದಿಯ ನಮೂನೆಯಲ್ಲಿ ಮನುಷ್ಯರಿಗೆ ಕಾಲಂ ಇಲ್ಲ."

ಹಾಗೆ "ತಾಂತ್ರಿಕ ಕಾರಣ" ಬಂತು. ವಿಚಾರಣಾ ಸಭೆಯಲ್ಲಿ, ಜನರೇ ತಮ್ಮ ಹೆಸರುಗಳನ್ನು ಭಿನ್ನವಾಗಿಟ್ಟುಕೊಳ್ಳುವಂತೆ ಅರಿವು ಮೂಡಿಸಬೇಕೆಂದು ಒಂದು ನಿರ್ಣಯವೂ ಆಯಿತು. ಎಪ್ಪತ್ತು ದಾಟಿದವರಿಗೆ ಹೆಸರು ಬದಲಾಯಿಸಿಕೊಳ್ಳಿ ಎಂದು ಕರಪತ್ರ ಅಚ್ಚಾಗಬೇಕಿತ್ತು. ಆ ಕೆಲಸ ಹೇಗೋ ಮರೆತುಹೋಯಿತು. ನಾನು ಮನೆ ಗುರುತಿನ ಕಾಲಂ ಮತ್ತೆ ಹಾಕಿದೆ. ಸ್ವಾಮಿಗೌಡರು ಹಳೆಯ ರಿಜಿಸ್ಟರುಗಳನ್ನು ಅಟ್ಟದಿಂದ ಇಳಿಸಿ, ಒಂದು ವಾರ ನನ್ನ ಪಕ್ಕ ಕುಳಿತು, ಹಳ್ಳಿ ಹಳ್ಳಿಯ ಮನೆಗಳನ್ನು ಹೇಳಿ ಬರೆಸಿದರು. ಎರಡು ಸಾಲು ಸಿಕ್ಕರೆ ನಿಂತು ಕೇಳುವ ಹಳೆಯ ದಾರಿ ವಾಪಸು ಬಂತು. ಪುಟದ ವೇಗದಲ್ಲಿ ಆದ ವ್ಯತ್ಯಾಸವನ್ನು ಯಾರೂ ಗಮನಿಸಲಿಲ್ಲ. ಫೋಟೋದ ಮುಂದೆ ಗಮನಿಸಲು ಸಾಧ್ಯವೂ ಇರಲಿಲ್ಲ.

ಹುಡುಗಿಯರೇ, ಅಳೆಯಬೇಡಿ ಎಂದು ನಾನು ಹೇಳುತ್ತಿಲ್ಲ. ಅಳೆಯಿರಿ, ಆದರೆ ಕೋಟೆಯ ಕಂಪ್ಯೂಟರಿನಲ್ಲಿ ಅಳೆಯಿರಿ. ಎರಡು ದಾರಿಗಳ ವೇಗ ಹೋಲಿಸುವ ಮೊದಲು ಎರಡೂ ಒಂದೇ ಉತ್ತರ ಕೊಡುತ್ತಿವೆಯೇ ನೋಡಿ. ನಾನು ಲಕ್ಷ ಸಲ ಓಡಿಸಿದೆ, ಉತ್ತರವನ್ನು ಒಂದು ಸಲವೂ ನೋಡಲಿಲ್ಲ. ಇಷ್ಟೇ ನನಗೆ ಗೊತ್ತಿರುವುದು.

ಇದನ್ನು ಇಲ್ಲಿಗೇ ನಿಲ್ಲಿಸಬಹುದಿತ್ತು. ಇಷ್ಟು ವರ್ಷ ನಾನು ನಿಲ್ಲಿಸುತ್ತಿದ್ದದ್ದೂ ಇಲ್ಲಿಯೇ. ಕೊನೆಗೆ ಒಂದು ಮಾತು ಸೇರಿಸುತ್ತಿದ್ದೆ: "ಅತ್ತಿಗೆ ಒಂದು ಮಾತು ನನ್ನನ್ನು ಕೇಳಿದ್ದರೆ ಅವತ್ತೇ ಗೊತ್ತಾಗುತ್ತಿತ್ತು, ಪಾಪ, ಸಂಕೋಚದವರು." ಅಣ್ಣನ ಮುಂದೆ ಹೇಳಿದ್ದೇನೆ. ನನ್ನ ಬೀಳ್ಕೊಡುಗೆಯ ದಿನ ಎಲ್ಲರ ಮುಂದೆ ಹೇಳಿ, ಕಣ್ಣೊರೆಸಿಕೊಂಡು, ಚಪ್ಪಾಳೆಯನ್ನೂ ತೆಗೆದುಕೊಂಡಿದ್ದೇನೆ.

ಈ ಬರಹಕ್ಕಾಗಿ ಆ ವರ್ಷದ ದಿನಚರಿಯನ್ನು ಹಾಳೆ ಹಾಳೆಯಾಗಿ ಓದುವಾಗ, ಪಿರಿಯಾಪಟ್ಟಣದ ಆ ಶಿಬಿರಕ್ಕೆ ಎಂಟು ದಿನ ಮೊದಲಿನ ಪುಟದಲ್ಲಿ ನನ್ನದೇ ಅಕ್ಷರ ಸಿಕ್ಕಿತು. "ಊರಿಗೆ ಹೋಗಿ ಬಂದೆ. ಅವರೆಕಾಯಿ ಕೊಟ್ಟರು. ಸಂಜೆ ಅತ್ತಿಗೆಯ ಹೆಸರು ನೋಡಿದೆ. ದಿನಾಂಕ ಇದೆ."

ಪ್ರೋಗ್ರಾಮು ನನಗೂ ಮೊದಲ ಮಲ್ಲಾಜಮ್ಮನನ್ನೇ ತೋರಿಸಿರಬೇಕು. ಹುಡುಕಿದರೆ ಹೆಸರು, ಊರು, ಮುಂದಿನ ದಿನಾಂಕ ಇಷ್ಟು ಮಾತ್ರ ಬರುವಂತೆ ಮಾಡಿದ್ದವಳು ನಾನೇ, ಅದೂ ವೇಗಕ್ಕಾಗಿ. ಅದು ಅರ್ಥವಾಗುತ್ತದೆ. ಅರ್ಥವಾಗದ್ದು ನಾನು ಏಕೆ ನೋಡಿದೆ ಎಂಬುದು. ಊರಿಗೆ ಹೋಗಿ ಬಂದ ಸಂಜೆಯೇ ಕಚೇರಿಯ ಪುಟ ತೆರೆದು ಅತ್ತಿಗೆಯ ಹೆಸರು ನೋಡಲು, ಯಾರೋ ಕೇಳಿರಬೇಕಲ್ಲ? ನೋಡಿದ ಮೇಲೆ ಫೋನು ಮಾಡಿ ಏನಾದರೂ ಹೇಳಿರಬೇಕಲ್ಲ? ಅತ್ತಿಗೆಯ ಹೆಸರು ಹಿಡಿಯುವ ಪ್ರಸಂಗ ಬರುವುದಿಲ್ಲ ಎಂದು ಮೇಲೆ ಬರೆದೆ, ಶಿಬಿರಕ್ಕೆ ಎಂಟು ದಿನ ಮೊದಲು ಅದೇ ಹೆಸರನ್ನು ನಾನೇ ಹುಡುಕಿದ್ದೆ. ಆ ಸಂಜೆ ನನ್ನ ನೆನಪಿನಲ್ಲಿ ಇಲ್ಲವೇ ಇಲ್ಲ. ರಜೆಯಲ್ಲಿದ್ದ ದಿನದ ಜಗಳ ಕುರ್ಚಿ ಸಮೇತ ನೆನಪಿರುವ ತಲೆಯಲ್ಲಿ ಇದೊಂದು ಉಳಿದಿಲ್ಲ.

ಕಳೆದ ವಾರ ಊರಿಗೆ ಹೋದೆ. ಅಣ್ಣ ಸೊಸೈಟಿಯ ಕಡೆ ಹೋಗಿದ್ದ. ಅತ್ತಿಗೆ ಜಗಲಿಯಲ್ಲಿ ಕಾಲು ಚಾಚಿ ಕುಳಿತು, ಮೊರದಲ್ಲಿ ಹುರುಳಿ ಆರಿಸುತ್ತಿದ್ದರು. ಬಲಗಡೆಯಿಂದ ಹೋದೆ, ಆದ್ದರಿಂದ ಹತ್ತಿರ ಬರುವವರೆಗೂ ಅವರಿಗೆ ತಿಳಿಯಲಿಲ್ಲ.

"ಯಾರು, ವಿಮ್ಲಾನಾ? ಬಸ್ಸು ಬಂದಿದ್ದೇ ಕೇಳ್ನಿಲ್ಲ. ರಿಟೇರಾದ್ಮೇಲೆ ಸಣ್ಣಗಾಗಿದ್ದೀಯ ಕಣೆ."

ಅವರ ಎಡಗಡೆಗೆ ಹೋಗಿ ಕುಳಿತೆ. ದಿನಚರಿ ಚೀಲದಲ್ಲಿತ್ತು, ತೆಗೆಯಲಿಲ್ಲ. ಮಕ್ಕಳು, ಮಳೆ, ಸೊಪ್ಪಿನ ಸಸಿ ಎಲ್ಲ ಮಾತಾಡಿದೆವು. ಆಮೇಲೆ ಅದನ್ನು ಹೇಳಿದೆ. ಇಬ್ಬರು ಮಲ್ಲಾಜಮ್ಮ ಇದ್ದದ್ದು, ಒಬ್ಬರೇ ಕಾಣುವ ಹಾಗೆ ಮಾಡಿ ಬದಲಾಯಿಸಿದವಳು ನಾನೇ ಎಂಬುದು, ಯಂತ್ರವಲ್ಲ ಎಂಬುದು. ಅವರು ಕಲ್ಲು ಆರಿಸುತ್ತಲೇ ಕೇಳಿಸಿಕೊಂಡರು.

"ಗಾಣದ್ ಮನೆವ್ಳೂ ಒಳ್ಳೇವ್ಳೇ ಬುಡು" ಎಂದರು. "ಎರಡು ಕಣ್ಣೂ ಚೆಂದಾಗವೆ ಅವ್ಳಿಗೆ."

"ಅತ್ತಿಗೆ, ನಾನು ಅವರೆಕಾಯಿ ತಗೊಂಡು ಹೋದ ದಿನ, ನಿಮ್ಮ ಹೆಸರು ಬಂತಾ ಅಂತ ನನ್ನ ಕೇಳಿದ್ರಾ?"

ಮೊರದ ಮೇಲಿನ ಕೈ ನಿಂತಿತು. ಅವರು ಎಡಗಣ್ಣನ್ನು ನನ್ನ ಕಡೆ ಪೂರ್ತಿ ತಿರುಗಿಸಿದರು.

"ನಿನ್ ಬುಕ್ಕಲ್ಲಿ ಏನಂತ ಬರ್ಕೊಂಡಿದ್ದೀಯ?"

ಏನು ಬರೆದಿತ್ತೋ ಅದನ್ನು ಹೇಳಿದೆ. ನೋಡಿದೆ, ದಿನಾಂಕ ಇದೆ, ಅಷ್ಟೇ. ಅವರು ಮತ್ತೆ ಹುರುಳಿಗೆ ಕೈ ಹಾಕಿದರು. ಬೆರಳುಗಳು ಕಲ್ಲನ್ನು ಮುಟ್ಟಿಯೇ ಗುರುತಿಸುತ್ತಿದ್ದವು, ನೋಡುತ್ತಿರಲಿಲ್ಲ. ಆರಿಸಿದ ಕಾಳನ್ನು ಪಾತ್ರೆಗೆ ಸುರಿದು, ಕೊಡವಿದ ಮೊರವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಗೋಡೆ ಹಿಡಿದು ಎದ್ದರು. ಒಳಗೆ ಹೋಗುತ್ತಿದ್ದವರನ್ನು ಹೊಸ್ತಿಲಲ್ಲಿ ತಡೆದು ಇನ್ನೊಮ್ಮೆ ಕೇಳಿದೆ.

"ಅತ್ತಿಗೆ, 'ದಿನಾಂಕ ಇದೆ, ಎಲ್ಲೂ ಹೋಗಬೇಡಿ, ಕಾಯಿರಿ' ಅಂತ ಹೇಳಿದವಳು ನಾನೇನಾ?"